ಕೆಳಗಿಡದ ಎಲೆ

ನನಗೆ ಈಗಲೂ ಒಂದೆಡೆ ಕೂರಲು ಆಗುವುದಿಲ್ಲ. ಊಟಕ್ಕೆ ಕುಳಿತರೆ ಮೊಣಕಾಲು ಕುಣಿಯುತ್ತದೆ. ಬಸ್ಸು ತಡವಾದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರುತ್ತೇನೆ. ಹುಟ್ಟುಗುಣ ಎನ್ನುತ್ತಾರೆ ಮನೆಯವರು. ಆ ಗುಣ ಅಣ್ಣನ ಕೈಯಿಂದ ಏನನ್ನು ಕಿತ್ತುಕೊಂಡಿತು ಎಂದು ಅವರಿಗೆ ನಾನು ಹೇಳಿಲ್ಲ. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಬಂದಂತೆ ಬರೆಯುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ಅಣ್ಣ ಬೈಲಹೊಂಗಲದಲ್ಲಿ ಇನ್ನೊಬ್ಬರ ದರ್ಜಿ ಅಂಗಡಿಯಲ್ಲಿ ಹೊಲಿಯುತ್ತಿದ್ದ. ನಾನು ಕಿತ್ತೂರಿನ ಕಡೆಯ ಲಾರಿಯೊಂದರಲ್ಲಿ ಕ್ಲೀನರ್. ಆ ವರ್ಷ ದೀಪಾವಳಿ ಪಾಡ್ಯಕ್ಕೆ ಹತ್ತಿ ಗೋದಾಮಿನಲ್ಲಿ ಇಸ್ಪೀಟಿನ ರಮ್ಮಿ ಪಂದ್ಯ ಇಟ್ಟಿದ್ದರು. ಗೆದ್ದವನಿಗೆ ಕಾಲಿನಿಂದ ತುಳಿಯುವ ಹೊಲಿಗೆ ಮಶೀನು. ಅದನ್ನು ಜಮಖಾನದ ಮೇಲೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ್ದರು. ಅಣ್ಣ ಒಳಗೆ ಬಂದವನೇ ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಅದರತ್ತ ನೋಡಲೇ ಇಲ್ಲ. ಮನೆಯ ಕಟ್ಟೆಯ ಮೇಲೆ ಅದು ಕೂರಲೆಂದು ಅತ್ತಿಗೆ ಹಿಂದಿನ ದಿನವೇ ಸಾರಿಸಿ ಜಾಗ ಮಾಡಿದ್ದಳು.

ಆಟದ ನಿಯಮ ಇಷ್ಟೇ. ಯಾರು ಮೊದಲು ಎಲೆ ಕೂಡಿಸಿ ತೋರಿಸುತ್ತಾರೋ ಅವರಿಗೆ ಸೊನ್ನೆ. ಉಳಿದವರ ಕೈಯಲ್ಲಿ ಕೂಡದೆ ಉಳಿದ ಎಲೆಗಳ ಅಂಕ ಅವರವರ ತಲೆಗೆ. ಇನ್ನೂರು ದಾಟಿದವನು ಹೊರಗೆ. ಕೆಟ್ಟ ಎಲೆ ಬಂದರೆ ಆಡುವ ಮೊದಲೇ ಕೆಳಗಿಟ್ಟುಬಿಡಬಹುದು, ಇಪ್ಪತ್ತು ಅಂಕಕ್ಕೆ ಮುಗಿಯುತ್ತದೆ. ಆಡಿ ಸಿಕ್ಕಿಬಿದ್ದರೆ ಎಂಬತ್ತರವರೆಗೂ ಬೀಳುತ್ತದೆ. ಅಂಕವನ್ನೆಲ್ಲ ಗೋದಾಮಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದರು.

ಲಾರಿಯ ಮೇಲೆ ನಾವು ಆಡುತ್ತಿದ್ದುದು ಬೇರೆ. ಕಿತ್ತೂರಿನ ಧಾಬಾದ ಮುಂದೆ ಒಂದು ಕೈ ಆಡಿದೆವೋ, ಅದು ಅಲ್ಲಿಗೇ ಮುಗಿಯಿತು. ಅಲ್ಲಿ ಎಲೆ ಕೆಳಗಿಟ್ಟವನನ್ನು ಹೆಂಗಸು ಎಂದು ನಗುತ್ತಿದ್ದರು.

ಅಣ್ಣ ಬೆಳಗಿನಿಂದ ಆಡಿದ ರೀತಿಯನ್ನು ನಾನು ಬೆನ್ನ ಹಿಂದೆ ಕೂತು ನೋಡಿದೆ. ಜನ ಹೆಚ್ಚಿದ್ದಾಗ ಮೊದಲ ಆರರಲ್ಲಿ ನಾಲ್ಕು ಕೈ ಕೆಳಗಿಟ್ಟ. ನನಗೆ ನಾಚಿಕೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಅಂಕಕ್ಕೆ ಹೆದರಿ ಎಲೆ ಇಡತೊಡಗಿದರು. ಆಗ ಅವನು ಬದಲಾದ. ಅರೆಬರೆ ಎಲೆಯಿದ್ದರೂ ಆಡಿದ, ಗೆದ್ದ. ಕೊನೆಗೆ ಮೂವರು ಉಳಿದರು: ಅಣ್ಣ, ಸವದತ್ತಿಯಿಂದ ಬಂದಿದ್ದ ನಿವೃತ್ತ ಮಾಸ್ತರರು, ಸಂಗೊಳ್ಳಿಯ ಒಬ್ಬ ರೈತ. ಅವರಿಬ್ಬರೂ ಇನ್ನೂರರ ಹತ್ತಿರ. ಅಣ್ಣನದು ಬರೀ ತೊಂಬತ್ತು.

ಆಗಲೇ ಅಂಗಡಿಯಿಂದ ಕರೆ ಬಂತು. ರಾಮದುರ್ಗದ ಮದುವೆ ಮನೆಯವರು ಜಂಪರಿಗೆ ಕಾದು ಕೂತಿದ್ದಾರೆ, ಬಸ್ಸು ಹೋಗುತ್ತದೆ, ಬರದಿದ್ದರೆ ನಾಳೆಯಿಂದ ಬರಲೇಬೇಡ ಎಂದು ಮಾಲೀಕ ಹೇಳಿ ಕಳಿಸಿದ್ದ. ಪಾಡ್ಯದ ಆಟದಲ್ಲಿ ಒಡಹುಟ್ಟಿದವನನ್ನು ತನ್ನ ಜಾಗದಲ್ಲಿ ಕೂರಿಸಬಹುದು. ಉಳಿದಿಬ್ಬರೂ ಒಪ್ಪಿದರು.

ಅಣ್ಣ ನನ್ನನ್ನು ಅಂಕ ಬರೆದಿದ್ದ ಬಾಗಿಲಿಗೆ ಕರೆದೊಯ್ದ. "ಇನ್ನ ನಿನ್ನ ಎಲಿ ನೋಡಬ್ಯಾಡ, ಈ ಬಾಗಲಾ ನೋಡು. ಅವರು ಎಲಿ ಇಟ್ರ ಹೊರಗ ಹೋಗ್ತಾರ, ಅದಕ್ಕ ಆಡಾಕಬೇಕು. ನಿನಗ ಇಡಾಕ ಬರತೈತಿ. ಛಲೋ ಎಲಿ ಬರೂ ತನಕಾ ಇಡು. ಅವರವರ ಬಡದಾಡಲಿ."

"ಆತು ಬಿಡಣ್ಣಾ."

"ಸುಮ್ನ ಕುಂದರೂದು, ಅಷ್ಟ ನಿನ್ನ ಕೆಲಸ."

ಮೊದಲ ಕೈ ಕೆಳಗಿಟ್ಟೆ. ಅವರಿಬ್ಬರೂ ಆಡುತ್ತಿದ್ದರೆ ನನ್ನ ಬೆರಳುಗಳು ಜಮಖಾನದ ಎಳೆ ಕೀಳುತ್ತಿದ್ದವು. ಮಾಸ್ತರರು ಗೆದ್ದರು. ರೈತನ ಕೈಯಲ್ಲಿ ಎರಡೇ ಅಂಕ ಉಳಿದಿತ್ತು, ಬದುಕಿಕೊಂಡ. ಅವನು ಎಲೆ ಕಲೆಸುತ್ತ ನನ್ನತ್ತ ನೋಡಿ ನಕ್ಕ.

"ಏನೋ ತಮ್ಮಾ, ಎಲಿ ಇಡಾಕ ನಿಮ್ಮಣ್ಣಗ ಆಳ ಸಿಗಲಿಲ್ಲಂತ ನಿನ್ನ ಕುಂದರಿಸ್ಯಾನೇನು?"

"ಹುಡುಗಗ ಯಾಕ ಕಾಡ್ತೀರಿ, ಹಾಕ್ರಿ ಎಲಿ," ಎಂದರು ಮಾಸ್ತರರು.

"ಲಾರಿ ಮ್ಯಾಲಿನವ್ರು ಭಾಳ ಧೈರ್ಯದವ್ರು ಅಂತಿದ್ರು, ಅದಕ್ಕ ಕೇಳಿದೆ."

ಎರಡನೆಯ ಕೈ ಬಂತು. ಒಂದೂ ಸಾಲು ಕೂಡುವಂತಿರಲಿಲ್ಲ. ರಾಜ, ರಾಣಿ, ಎಕ್ಕ, ಎಲ್ಲ ದೊಡ್ಡವು, ಎಲ್ಲ ಒಂಟಿ. ಇಡಬೇಕೆಂದು ಗೊತ್ತಿತ್ತು. ಬಾಗಿಲೂ ಕಣ್ಣೆದುರಿಗೇ ಇತ್ತು. ಆದರೆ ಮತ್ತೊಮ್ಮೆ ಕೈಕಟ್ಟಿ ಕೂರುವುದನ್ನು ನೆನೆಸಿಕೊಂಡರೆ ಮೈಯೆಲ್ಲ ಇರುವೆ ಹರಿದಂತಾಯಿತು. ಕೈ ಚಾಚಿ ಎಲೆ ಎಳೆದುಬಿಟ್ಟೆ.

ರೈತ ಬೇಗನೇ ತೋರಿಸಿದ. ಮಾಸ್ತರರು ಹೊರಗಾದರು. ಇಪ್ಪತ್ತಕ್ಕೆ ಮುಗಿಯಬೇಕಾದ ಕಡೆ ನನ್ನ ತಲೆಗೆ ಪೂರ್ತಿ ಎಂಬತ್ತು ಬಿತ್ತು. ನೂರಾ ತೊಂಬತ್ತಾಯಿತು, ಈಗ ನನಗೂ ಎಲೆ ಇಡಲು ಬರುವಂತಿರಲಿಲ್ಲ. ಮುಂದಿನ ಕೈಯನ್ನೂ ರೈತನೇ ಗೆದ್ದ. ಮಶೀನನ್ನು ಚಕ್ಕಡಿಗೆ ಏರಿಸಿಕೊಂಡು ಹೋದ. ಬಾಗಿಲ ಮೇಲಿನ ಅಂಕವನ್ನು ಒರೆಸಿಬಿಟ್ಟರು.

ಅಣ್ಣ ಓಡುತ್ತಲೇ ಬಂದ. ಅಂಗಿಯ ತೋಳಿಗೆ ಕೆಂಪು ದಾರ ಅಂಟಿತ್ತು. ಮಶೀನು ಇದ್ದ ಜಾಗವನ್ನು ಮೊದಲು ನೋಡಿದ, ಆಮೇಲೆ ನನ್ನನ್ನು.

"ಎಲಿ ಬರಲಿಲ್ಲಣ್ಣಾ," ಎಂದೆ.

ಮಾಸ್ತರರು ಅಲ್ಲೇ ಚಪ್ಪಲಿ ಹುಡುಕುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಟೊಪ್ಪಿಗೆ ಹಾಕಿಕೊಂಡು ಹೊರಟುಹೋದರು.

"ಎಲಿ ಬರದಿದ್ರ ನೀ ಏನ ಮಾಡ್ತಿ? ಬಾ, ಚಾ ಕುಡಿಯೂಣು," ಎಂದ ಅಣ್ಣ.

ಅತ್ತಿಗೆಗೂ ಹಾಗೇ ಹೇಳಿದ. ಯಾರಾದರೂ ನನ್ನನ್ನು ಛೇಡಿಸಿದರೆ ಅವನೇ ಅಡ್ಡ ಬರುತ್ತಿದ್ದ: "ಅವಂದೇನೂ ತಪ್ಪಿಲ್ರಿ, ಎಲಿನ ಬರಲಿಲ್ಲ." ಪ್ರತಿ ಸಲವೂ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಆ ರೈತ ಅದೇ ಮಶೀನಿಗೆ ಎಣ್ಣೆ ಬಿಡಿಸಲು ಅಣ್ಣನಿದ್ದ ಅಂಗಡಿಗೇ ತಂದ. ಅವರು ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಅಣ್ಣ ಸಂಜೆ ಮನೆಗೆ ಬಂದು ಕೈ ತೊಳೆದ. ಎಣ್ಣೆ ಹೋಗಲಿಲ್ಲವೆಂದು ಮತ್ತೆ ತೊಳೆದ. ಕಟ್ಟೆಯ ಮೇಲೆ ಆ ಖಾಲಿ ಜಾಗದ ಪಕ್ಕದಲ್ಲಿ ಕುಳಿತು ಕೇಳಿದ:

"ಎಲಿ ಕೆಳಗ ಇಡೂದು ಅಷ್ಟ ಕಠಿಣ ಇತ್ತೇನೋ?"

ಸಿಟ್ಟಿರಲಿಲ್ಲ ದನಿಯಲ್ಲಿ. ನಿಜವಾಗಿ ತಿಳಿಯಬೇಕಾಗಿತ್ತು ಅವನಿಗೆ. ಹೌದಣ್ಣಾ, ಅಷ್ಟು ಕಠಿಣವಿತ್ತು ಎಂದು ಹೇಳಿದ್ದರೆ ಸಾಕಿತ್ತು. ಲಾರಿಗೆ ಹೊತ್ತಾಯಿತು ಎಂದು ಎದ್ದು ಹೊರಟೆ. ಆ ದಿನ ಲಾರಿ ಇರಲಿಲ್ಲ.