ಮೋಟಾರಿನ ಕೂಗಿಗೆ ಕಿವಿಗೊಡುವ ದುರ್ಗಯ್ಯ

ಬೆಳಗಿನ ಆರು ಗಂಟೆ. ಬೋರನಕಣಿವೆಯ ನೀರಿನ ಮೇಲಿಂದ ಮಂಜು ಇನ್ನೂ ಎದ್ದಿಲ್ಲ. ತಲೆಗೆ ಟವೆಲ್ ಬಿಗಿದ ದುರ್ಗಯ್ಯ ದೋಣಿಯ ಹಿಂಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮೋಟಾರಿನ ಎಣ್ಣೆ ಡಬ್ಬದ ಮುಚ್ಚಳ ತೆಗೆಯುತ್ತಾರೆ. ಬೆರಳು ಅದ್ದುತ್ತಾರೆ, ಉಜ್ಜುತ್ತಾರೆ, ಆಮೇಲೆ ಮೂಸುತ್ತಾರೆ. ಹಾಲಿನ ಕ್ಯಾನು, ಕಾಯಿಚೀಲ ಹಿಡಿದು ದಡದಲ್ಲಿ ನಿಂತವರು ಮುಸಿಮುಸಿ ನಗುತ್ತಾರೆ. ನಕ್ಕರೆ ನಗಲಿ, ಮೂಸದೆ ಈ ದೋಣಿ ಹೊರಡುವುದಿಲ್ಲ.

ಐವತ್ತೆರಡು ದಾಟಿದ ದುರ್ಗಯ್ಯ ಮೀನುಗಾರಿಕೆ ಇಲಾಖೆಯ ದೋಣಿ ನಡೆಸುವವರು. ಬಲೆಯ ಕೆಲಸದ ನಡುವೆ ಆಚೆ ದಡದ ಹಟ್ಟಿಯ ಜನರನ್ನೂ ದಾಟಿಸುತ್ತಾರೆ. ದಿನಕ್ಕೆ ಆರು ಸಲ, ಸಲಕ್ಕೆ ಹನ್ನೆರಡು ಮಂದಿ. ದೋಣಿಯಿಲ್ಲದಿದ್ದರೆ ಹುಳಿಯಾರಿನ ಬಸ್ಸಿಗೆ ಒಂಬತ್ತು ಮೈಲಿ ಸುತ್ತು. ಕಳೆದ ವರ್ಷ, ಎಂಬತ್ತೇಳರಲ್ಲಿ, ಹೊಸ ಮೋಟಾರು ಬಂತು. ಯಂತ್ರ ಸವೆಯದಂತೆ ಪೆಟ್ರೋಲಿನ ಜೊತೆಗೆ ಹಾಕುವ ಎಂಜಿನ್ ಎಣ್ಣೆ ಕಡಿಮೆಯಾದರೆ ಕೆಂಪು ದೀಪ ಹತ್ತಿಸಿ ಕೀಂ ಎಂದು ಕೂಗುವ ಮೋಟಾರು. ಒಮ್ಮೆ ಕೆಟ್ಟು ರಿಪೇರಿಗೆ ಹೋಗಿ ಬಂದಿತ್ತು. ಇನ್ನೊಮ್ಮೆ ಕೆಟ್ಟರೆ ವಾಪಸ್ಸು ತೆಗೆದುಕೊಂಡು ಹೋಗುತ್ತೇವೆ ಎಂದು ಇಲಾಖೆಯ ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು.

ಯಂತ್ರದ ಮಾತನ್ನು ಕೇಳಬೇಕೆಂಬುದನ್ನು ದುರ್ಗಯ್ಯ ಪೆಟ್ಟು ತಿಂದೇ ಕಲಿತವರು. ಮೊದಲು ಶೆಟ್ಟಿಕೆರೆಯ ಸದಾಶಿವಯ್ಯನವರ ತೆಂಗಿನ ತೋಟದಲ್ಲಿ ಹದಿನೆಂಟು ವರ್ಷ ಆಯಿಲ್ ಎಂಜಿನ್ ಓಡಿಸಿದರು. ಅದರ ಸದ್ದಿಗೇ ಎಡಗಿವಿ ಹೋಯಿತು. "ಒಂದಿನ ಎಂಜಿನ್ ದನಿ ಬದ್ಲಾಯ್ತು ಕಣ್ರೀ. ಉಂಡು ಕೈ ತೊಳ್ಕಂಡು ಹೋಗಾನ ಅಂದ್ಕಂಡೆ. ಅಷ್ಟ್ರಲ್ಲಿ ಒಳಗೇ ಕಚ್ಕಂಡು ಸೀಜ್ ಆಗೋಯ್ತು" ಎನ್ನುತ್ತಾರೆ. ಧಣಿ ಒಂದು ಮಾತೂ ಬೈಯಲಿಲ್ಲವಂತೆ. ಬೈಯದಿದ್ದುದೇ ತಡೆಯಲಾಗದೆ ಇವರು ಮರುದಿನದಿಂದ ಆ ತೋಟದ ಕಡೆ ತಲೆ ಹಾಕಲಿಲ್ಲ.

ಹೋದ ಮಾರ್ಗಶಿರದಲ್ಲಿ ಹೊಸ ಮೋಟಾರು ನಿಜಕ್ಕೂ ಎಣ್ಣೆ ಮುಗಿದು ಕೂಗಿತು. ದೋಣಿಯನ್ನು ಆಚೆ ದಡದಲ್ಲಿ ಕಟ್ಟಿ ಇವರು ಎಣ್ಣೆ ತರಲು ಹಟ್ಟಿಯವರ ಸೈಕಲ್ಲು ಹಿಡಿದು ಸುತ್ತುದಾರಿಯಲ್ಲಿ ಹುಳಿಯಾರಿಗೆ ಹೋದರು. ಮಧ್ಯಾಹ್ನ ಬಂದು ನೋಡಿದರೆ ಡಬ್ಬ ತುಂಬಿದೆ. ಜಲಾಶಯದ ಕಾವಲುಗಾರ ತಿಪ್ಪಯ್ಯ ತುಂಬಿಸಿರಬೇಕೆಂದುಕೊಂಡು, ಕೇಳುವ ಗೋಜಿಗೂ ಹೋಗದೆ ದೋಣಿ ಬಿಟ್ಟರು. ಅಂದು ಹೊಗೆಯಲ್ಲಿ ಏನೋ ಕರಿದ ವಾಸನೆ. ಯಾರೋ ಬುತ್ತಿಗೆ ವಡೆ ತಂದಿದ್ದಾರೆಂದು ಇಡೀ ದೋಣಿ ಒಬ್ಬರ ಚೀಲವನ್ನೊಬ್ಬರು ನೋಡಿತು.

ಮರುದಿನ ಬೆಳಿಗ್ಗೆಯಿಂದ ಕಾಟ ಶುರುವಾಯಿತು. ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಕೆಂಪು ದೀಪ, ಕೂಗು. ಡಬ್ಬ ನೋಡಿದರೆ ತುಂಬಿದೆ. ಬಿಸಿಲೇರಿದರೆ ಗಪ್‌ಚುಪ್. ಇವರು ತಂತಿಗಳನ್ನೆಲ್ಲ ಬಿಚ್ಚಿ ಒರೆಸಿ ಬಿಗಿದರು. ಎಣ್ಣೆಯ ಮಟ್ಟ ತೋರಿಸುವ ಡಬ್ಬದೊಳಗಿನ ತೇಲುಬುರುಡೆಯನ್ನು ಬೆರಳಲ್ಲಿ ಎತ್ತಿ ಇಳಿಸಿ ನೋಡಿದರು. ಮೂರು ದಿನವೂ ಅದೇ ಕಥೆ. ತಿಪ್ಪಯ್ಯನಿಗೆ ರೇಗಿತು. "ಡಬ್ಬದ ತುಂಬ ಎಣ್ಣೆ ಐತೆ, ಸುಳ್ಳೇ ಬಡ್ಕಂತದೆ. ಆ ಕೂಗೋ ತಂತಿ ಕಿತ್ತಾಕ್ಲಾ" ಎಂದ. ದೋಣಿಯಲ್ಲಿದ್ದವರೂ ಹೂಂಗುಟ್ಟಿದರು.

"ಬುಡ್ಲಾ, ಕೀಳಲ್ಲ. ಅದು ಕೂಗ್ತೈತೆ ಅಂದ್ರೆ ಅದ್ಕೇನೋ ಆಗೈತೆ" ಎಂದರು ದುರ್ಗಯ್ಯ.

ನಾಲ್ಕನೆಯ ದಿನ ಕೂಗಿದ ಕೂಡಲೇ ಮೋಟಾರು ನಿಲ್ಲಿಸಿ, ಹುಟ್ಟು ಹಾಕಿ ದಡಕ್ಕೆ ಬಂದು, ಮೋಟಾರಿನ ಮೇಲ್ಗವಸನ್ನೇ ಕಳಚಿದರು. ಒಳಗೆ ಇನ್ನೊಂದು ಪುಟ್ಟ ಡಬ್ಬ. ದೊಡ್ಡ ಡಬ್ಬದ ಎಣ್ಣೆ ಕೊಳವೆಯಲ್ಲಿ ಹರಿದು ಇದಕ್ಕೆ ಬಂದು, ಇಲ್ಲಿಂದ ಯಂತ್ರಕ್ಕೆ ಹೋಗಬೇಕು. ದೊಡ್ಡದು ತುಂಬಿ ತುಳುಕುತ್ತಿದ್ದರೆ ಪುಟ್ಟದು ತಳ ಕಂಡಿತ್ತು, ಕೂಗು ಇದರದ್ದೇ! ನಡುವಿನ ಜಾಲರಿ ಬಿಚ್ಚಿದರು. ಅದರ ತುಂಬ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಅಂಗೈಯಲ್ಲಿಟ್ಟು ಮುಚ್ಚಿದರೆ ಕರಗಿತು. ಮೂಸಿದರು. ಮನೆಯಲ್ಲಿ ಹೆಂಡತಿ ರಂಗಮ್ಮ ಚಳಿಗಾಲದ ಬೆಳಿಗ್ಗೆ ಒಲೆಯ ಪಕ್ಕ ಇಟ್ಟು ಕರಗಿಸುವ ಸೀಸೆಯ ವಾಸನೆ. ಅಪ್ಪಟ ಕೊಬ್ಬರಿ ಎಣ್ಣೆ!

ದೋಣಿಯಲ್ಲಿ ಕೂತಿದ್ದ ಹಟ್ಟಿಯ ಶಿವರುದ್ರಮ್ಮ ಕೆನ್ನೆಗೆ ಕೈ ಹಚ್ಚಿದರು. "ನಾನೇ ಕಣಪ್ಪ ಹಾಕಿದ್ದು. ಎಣ್ಣೆ ಇಲ್ಲ ಅಂತ ಅದು ಬಾಯಿ ಬಡ್ಕಂತಿತ್ತು. ನನ್ನ ಕಣ್ಣಿನ ಆಪರೇಷನ್ನಿಗೆ ಕರ್ಕಂಡು ಹೋಗಿದ್ದು ಇದೇ ದೋಣಿ. ದೇವ್ರ ದೀಪಕ್ಕೆ ಇಟ್ಟಿದ್ದ ಗಾಣದ ಎಣ್ಣೆ ಸುರುದ್ಬುಟ್ಟೆ" ಎಂದು ಅಳುವುದಕ್ಕೇ ಶುರುವಿಟ್ಟರು. ತೆಂಗಿನ ಸೀಮೆಯ ಮುದುಕಿಗೆ ಎಣ್ಣೆ ಎಂದರೆ ಬೇರೆ ಯಾವುದು?

ದುರ್ಗಯ್ಯನಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಎರಡು ಡಬ್ಬವನ್ನೂ ಕೊಳವೆಯನ್ನೂ ತೊಳೆದು, ಹುಳಿಯಾರಿನಿಂದ ತಂದಿಟ್ಟಿದ್ದ ಎಣ್ಣೆ ಹಾಕಿದರು. ದೋಣಿ ಆಚೆ ದಡ ಮುಟ್ಟುವವರೆಗೂ ಮೋಟಾರು ಕೂಗಲಿಲ್ಲ. "ಅವತ್ತು ತಂತಿ ಕಿತ್ತಿದ್ರೆ ನಡುನೀರಲ್ಲಿ ಪಿಸ್ಟನ್ ಕಚ್ಕಂತಿತ್ತು. ಮೋಟಾರೂ ಹೋಗಿರೋದು, ದೋಣೀನೂ ಹೋಗಿರೋದು" ಎಂದು ತಿಪ್ಪಯ್ಯನೇ ಈಗ ಸಿಕ್ಕವರಿಗೆಲ್ಲ ಹೇಳುತ್ತಾನೆ.

ಶಿವರುದ್ರಮ್ಮ ಎಣ್ಣೆ ತರುವುದನ್ನು ಬಿಟ್ಟಿಲ್ಲ. ಇಂದೂ ದಡದಲ್ಲಿ ಇಳಿಯುವಾಗ ಸೆರಗಿನಿಂದ ಚಿಕ್ಕ ಸೀಸೆ ತೆಗೆದು ಕೊಡುತ್ತಾರೆ. "ಮೋಟಾರಿಗಲ್ಲ ಕಣಪ್ಪ, ನಿನ್ ತಲೆಗೆ." ದುರ್ಗಯ್ಯ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ, ಮೋಟಾರಿನ ಕಡೆ ಬಲಗಿವಿ ತಿರುಗಿಸಿ ಕೂರುತ್ತಾರೆ. "ಹದಿನೆಂಟು ವರ್ಷ ಅನ್ನ ಹಾಕಿದ್ದ ಎಂಜಿನ್ ಕೂಗ್ದಾಗ ಉಣ್ತಾ ಕೂತಿದ್ದೆ. ಇದು ಕೂಗ್ದಾಗ ಎದ್ದೆ. ಇನ್ನೊಂದಷ್ಟು ವರ್ಷ ಈ ಒಂದು ಕಿವಿ ಕೇಳುಸ್ತಾ ಇರ್ಲಿ, ಅಷ್ಟೆ ಕಣ್ರೀ."