ದ್ವೀಪಕ್ಕೆ ಹೊರಟ ಅಡುಗೆಯವಳು

ರುದ್ರಾಣಿ ಕಾಶಿಗೆ ಹೋಗಿದ್ದಾಳೆ, ಹರಿದ್ವಾರಕ್ಕೆ ಹೋಗಿದ್ದಾಳೆ, ಕನ್ಯಾಕುಮಾರಿಗಂತೂ ಏಳು ಸಲ ಹೋಗಿಬಂದಿದ್ದಾಳೆ ಎಂದು ನಂಜನಗೂಡಿನ ಅವಳ ಬೀದಿಯ ಹೆಂಗಸರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಾರೆ. ಅವಳು ನಗುತ್ತಾಳೆ. ಕಾಶಿಯಲ್ಲಿ ಅವಳು ಕಂಡದ್ದು ಛತ್ರದ ಹಿಂದಿನ ನಲ್ಲಿ. ಹರಿದ್ವಾರದ ನೀರಿನಲ್ಲಿ ತೊಗರಿಬೇಳೆ ಬೇಯಲು ಎಷ್ಟು ಹೊತ್ತು ಬೇಕೆಂದು ಕೇಳಿದರೆ ಹೇಳಿಯಾಳು. ಗಂಗೆಯ ಆರತಿ ಹೇಗಿರುತ್ತದೆಂದು ಕೇಳಬೇಡಿ. ಆ ಹೊತ್ತಿಗೆ ಚಪಾತಿ ಲಟ್ಟಿಸುವುದಿರುತ್ತದೆ. ಟೂರು ಹೊರಡಿಸುವ ಬೆಟ್ಟಸ್ವಾಮಿ 'ಎಲ್ಲೇ ಹೋದರೂ ನಮ್ಮ ಕಡೆ ಕೈರುಚಿ' ಎಂದು ಬ್ಯಾನರು ಕಟ್ಟಿಸುತ್ತಾನೆ. ಆ ಕೈ ರುದ್ರಾಣಿಯದು.

ಈ ಸಲ ಅಂಡಮಾನ್. ಮೂವತ್ತೆಂಟು ಜನ. ಅವರಲ್ಲಿ ಪವಿತ್ರಳೂ ಇದ್ದಳು.

ಪವಿತ್ರ ಬಿಳಿಗೆರೆ ಹೈಸ್ಕೂಲಿನಲ್ಲಿ ರುದ್ರಾಣಿಯ ಪಕ್ಕ ಕೂತು, ಅವಳ ನೋಟ್ಸು ನೋಡಿಯೇ ಬರೆದು ಪಾಸಾದವಳು. ಈಗ ತಿ. ನರಸೀಪುರದ ಬಟ್ಟೆ ಅಂಗಡಿ ಅಮೃತೇಶನ ಹೆಂಡತಿ. ಲಾಡ್ಜಿನಲ್ಲಿ ಬಡಿಸುವಾಗ ರುದ್ರಾಣಿಯ ಕಣ್ಣು ಅವಳ ಬಳೆ ಬಿಟ್ಟು ಅಂಗೈಗೇ ಹೋಗುತ್ತಿತ್ತು. ಉಂಡೆದ್ದು ಹೋಗುವಾಗ ಆ ಕೈಗಳು ಬರಿದಾಗಿ ಬೀಸಾಡುತ್ತಿದ್ದವು. ನೀರು ಕುಡಿದ ಲೋಟವನ್ನೂ ಎತ್ತುತ್ತಿರಲಿಲ್ಲ.

ಐದನೆಯ ದಿನ ಅರಣ್ಯ ಇಲಾಖೆಯ ಒಂದು ದ್ವೀಪಕ್ಕೆ ಹೋಗುವುದಿತ್ತು. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಒಲೆ ಹಚ್ಚುವಂತಿಲ್ಲ. ಆ ಕೊನೆಯ ಮಾತು ಕೇಳಿದ್ದೇ ರುದ್ರಾಣಿಗೆ ಆ ಜಾಗ ನೋಡಲೇಬೇಕೆನಿಸಿತು. ಒಲೆಯಿಲ್ಲದ ಊರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

'ನಾನೂ ಬತ್ತೀನಿ ಬೆಟ್ಟಸ್ವಾಮಣ್ಣ.'

'ಅಲ್ಲಿ ಒಲೇನೇ ಇಲ್ವಲ್ಲ ರುದ್ರಾಣಮ್ಮ, ಬಂದು ಏನ್ ಮಾಡೀರಿ?'

'ಅದ್ಕೇ ಬತ್ತೀನಿ ಅಂದಿದ್ದು.'

ಅವನು ನಕ್ಕ. 'ಸಾಯಂಕಾಲದ ಊಟಕ್ಕೆ ತರಕಾರಿ ಹೆಚ್ಚೋರ್ಯಾರು?'

'ಬಂದು ಹೆಚ್ತೀನಿ. ಪುಳಿಯೋಗರೆ ಬಾಳೆಲೇಲಿ ಕಟ್ತೀನಿ. ಕಸ ಒಂದ್ ಚೂರೂ ಅಲ್ಲಿ ಬಿಡಂಗಿಲ್ಲ ಅಂದ್ರಲ್ಲ, ಮೂವತ್ತೆಂಟು ಎಂಜಲೆಲೆ ವಾಪಸ್ ತರೋರ್ಯಾರು? ನೀವೇ ಎತ್ತೀರಾ?'

ಬೆಟ್ಟಸ್ವಾಮಿ ಎರಡು ಸಲ ಕೆಮ್ಮಿ, ಪರ್ಮಿಟ್ಟಿಗೆ ಅವಳ ಆಧಾರ್ ಕಾರ್ಡು ಕೇಳಿದ.

ದ್ವೀಪದಲ್ಲಿ ಇಳಿದೊಡನೆ ಗಾರ್ಡು ಹಿಂದಿಯಲ್ಲಿ ಏನೋ ಹೇಳಿದ. ಬೆಟ್ಟಸ್ವಾಮಿ ಕನ್ನಡದಲ್ಲಿ ಕೂಗಿದ: 'ಅವರವರ ಎಲೆ ಅವರವರೇ ಈ ಚೀಲಕ್ಕೆ ತಂದು ಹಾಕ್ಬೇಕಂತೆ ಕಣ್ರಪ್ಪಾ!' ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಳಿ ಮರಳು, ಅದರಾಚೆ ಯಾರೂ ಕಾಲಿಡಬಾರದ ಕಾಡು. ಉದುರಿದ ಎಲೆ ಉದುರಿದಲ್ಲೇ ಬಿದ್ದಿತ್ತು, ಗುಡಿಸು ಎನ್ನುವವರಿಲ್ಲ. ಆ ಕಾಡಿನ ಮೇಲೂ ರುದ್ರಾಣಿಗೆ ಹೊಟ್ಟೆಕಿಚ್ಚಾಯಿತು.

ತಳಕ್ಕೆ ಗಾಜು ಕೂರಿಸಿದ ಒಂದು ಸಣ್ಣ ದೋಣಿಯಿತ್ತು. ಹತ್ತು ಹತ್ತು ಜನರನ್ನು ಕೂರಿಸಿಕೊಂಡು ನೀರಡಿಯ ಹವಳ ತೋರಿಸಿ ತರುತ್ತಿತ್ತು. ಪವಿತ್ರ ಮೊದಲ ಸುತ್ತಿಗೇ ಹೋಗಿಬಂದಳು.

'ಅಯ್ಯೋ ರುದ್ರಿ, ಏನ್ ಹೇಳ್ಲೇ! ರೇಷ್ಮೆ ಸೀರೆ ಬೀರು ತೆಗೆದಂಗಿತ್ತು ಕಣೆ.'

ರುದ್ರಾಣಿ ಆಗ ಪೊಟ್ಟಣ ಹಂಚುತ್ತಿದ್ದಳು. ಎದೆಗೆ ಯಾರೋ ಮೆಣಸಿನಪುಡಿ ಎರಚಿದಂತಾಯಿತು. ಇವಳಿಗೆ ಉಪ್ಪು ಕಮ್ಮಿ ಹಾಕಿ ಬೇರೆ ಕಟ್ಟಬೇಕಿತ್ತು ಎಂದುಕೊಂಡಳು.

ಊಟ ಮುಗಿಯುವಷ್ಟರಲ್ಲಿ ದೋಣಿಯವನು ಕೂಗಿದ. ಕೊನೆಯ ಸುತ್ತು, ಒಂದೇ ಜಾಗ ಖಾಲಿ.

ಪವಿತ್ರ ತನ್ನ ಎಲೆ ಚಾಚಿದಳು. 'ತಗೊ ರುದ್ರಿ. ಇನ್ನೊಂದ್ಸಲ ನೋಡ್ಕಂಡ್ ಬತ್ತೀನಿ.'

ಅಭ್ಯಾಸಬಲದಿಂದ ರುದ್ರಾಣಿಯ ಕೈ ಮುಂದೆ ಹೋಯಿತು. ಅರ್ಧದಲ್ಲೇ ನಿಂತಿತು.

'ಚೀಲ ಅಲ್ಲೈತೆ. ನೀನೇ ಹಾಕು.'

'ಎಲೆ ಎತ್ತೋಕೇ ಅಲ್ವೇನೆ ನಿನ್ನ ಕರ್ಕಂಡ್ ಬಂದಿರೋದು? ಮನೇಲಿ ದಿನಾ ಹನ್ನೆರಡು ತಟ್ಟೆ ಎತ್ತೀನಿ ಕಣೆ, ಇಲ್ಲೂನಾ?'

'ನಂದೂ ಅದೇ ಮಾತು ಪವಿ. ಇಲ್ಲೂನಾ?'

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದ ನೀರಿಗಿಳಿದು, ರುದ್ರಾಣಿ ದೋಣಿ ಹತ್ತಿ ಕೂತೇಬಿಟ್ಟಳು.

ದೋಣಿ ಹೊರಟಿತು. ದೋಣಿಯವನು ಗಾಜಿನ ಕಡೆ ಕೈ ತೋರಿಸುತ್ತಿದ್ದ. ರುದ್ರಾಣಿ ದಡವನ್ನೇ ನೋಡುತ್ತಿದ್ದಳು. ಹವಳಕ್ಕಿಂತ ಮೊದಲು ಅವಳಿಗೆ ಪವಿತ್ರಳ ಮುಖ ಬಾಡಿದ್ದು ಕಾಣಬೇಕಿತ್ತು. ಪವಿತ್ರ ಎಲೆ ಮಡಚಿದಳು. ಆಮೇಲೆ ಮರದ ಬುಡದಲ್ಲಿ ಗೊರಕೆ ಹೊಡೆಯುತ್ತಿದ್ದ ಅಮೃತೇಶನ ಪಕ್ಕ ಬಗ್ಗಿ, ಅವನ ಎಲೆಯನ್ನೂ ಎತ್ತಿಕೊಂಡು ಚೀಲದ ಕಡೆ ನಡೆದಳು.

'ಥೂ!' ಎಂದಳು ರುದ್ರಾಣಿ. ಯಾರಿಗೆ ಅಂದದ್ದೋ ಅವಳಿಗೇ ತಿಳಿಯಲಿಲ್ಲ. ಪಕ್ಕದವರನ್ನು ಒಂದಿಷ್ಟು ಜರುಗಿಸಿ, ಗಾಜಿನ ಮೇಲೆ ಬಗ್ಗಿದಳು.