ನಡುವಿನಿಂದ ಬಾರದ ಹಾಡು

ಕೊಯಮತ್ತೂರಿನ ಸಾಫ್ಟ್‌ವೇರ್ ಆಫೀಸಿನಲ್ಲಿ ನಾನು ದಿನವೂ ಜಗಳವಾಡುವುದು ಒಂದೇ ವಿಷಯಕ್ಕೆ. ಬಂದ ಡೇಟಾವನ್ನು ಬೈಟ್ ಅರೇಯಲ್ಲಿ ಇಡುವುದೋ, ಸ್ಟ್ರೀಮ್ ಆಗಿ ಹರಿಯಬಿಡುವುದೋ? ಅರೇ ಎಂದರೆ ಇಡೀ ಫೈಲು ಒಮ್ಮೆಗೇ ಮೆಮೊರಿಯಲ್ಲಿ ಬಂದು ಕೂರುತ್ತದೆ. ಬೇಕಾದಲ್ಲಿಗೆ ನೆಗೆಯಬಹುದು, ಆದರೆ ಜಾಗ ತಿನ್ನುತ್ತದೆ. ಸ್ಟ್ರೀಮು ಚೂರುಚೂರಾಗಿ ಬರುತ್ತದೆ. ಜಾಗ ಸ್ವಲ್ಪ ಸಾಕು, ಆದರೆ ಮೊದಲಿನಿಂದ ಓದಿಕೊಂಡೇ ಬರಬೇಕು. ದೊಡ್ಡ ಫೈಲಿಗೆ ಸ್ಟ್ರೀಮೇ ಸರಿ ಎಂದು ಎಲ್ಲರಿಗೂ ಉಪದೇಶ ಮಾಡುವವಳು ನಾನೇ.

ಕುನ್ನತ್ತೂರಿನ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಮಗಳ ಮದುವೆ ಬಂತು. ಮದುವೆಗೆ ಅರಿಶಿನ ಕುಟ್ಟುವಾಗ ಹಾಡುವ ಕನ್ನಡ ಹಾಡೊಂದಿದೆ. ಪೂರ್ತಿ ಬರುವುದು ಅಜ್ಜಿಗೊಬ್ಬಳಿಗೇ. ಮನೆಯಲ್ಲಿ ಆಡುವುದು ಕನ್ನಡವಾದರೂ ನಮ್ಮವರು ಓದಿದ್ದೆಲ್ಲ ತಮಿಳು, ಹಾಗಾಗಿ ಯಾರೂ ಬರೆದಿಟ್ಟಿಲ್ಲ. ಈಚೆಗೆ ಅಜ್ಜಿಯ ಗಂಟಲು ಬೇಗ ಕಟ್ಟುತ್ತದೆ. "ಈ ಹಾಡು ನನ್ ಜತೇಗೇ ಹೋಗ್ಬಿಡುತ್ತೆ" ಎಂದು ಕೊರಗುತ್ತಿದ್ದಳು. ನನಗೂ ಅದೇ ಭಯ.

ರೆಕಾರ್ಡ್ ಮಾಡಲು ನಾನೇ ಫೋನಿಗೊಂದು ಆ್ಯಪ್ ಬರೆದೆ. ಹಾಡಿನ ಯಾವ ನುಡಿಗೆ ಬೇಕಾದರೂ ನೆಗೆಯಬೇಕೆಂಬ ಆಸೆಗೆ ಎಲ್ಲವನ್ನೂ ಅರೇಯಲ್ಲಿ ತುಂಬಿಸಿದೆ. ಅಜ್ಜಿ ಇನ್ನೂ ಹಾಡುತ್ತಿರುವಾಗಲೇ ಮೆಮೊರಿ ತುಂಬಿ ಆ್ಯಪ್ ಮುಚ್ಚಿಕೊಂಡಿತು. ಎಲ್ಲರಿಗೂ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತು. ತೆಪ್ಪಗೆ ಸ್ಟ್ರೀಮಿಗೆ ಬದಲಾಯಿಸಿದೆ.

"ಕೊನೇ ನುಡಿ ಒಂದನ್ನೇ ಹೇಳಜ್ಜಿ" ಎಂದೆ.

"ನಡೂಲಿಂದ ಹೆಂಗಮ್ಮಾ ಹಾಡೋದು? ಮುಂಚಿಂದು ಬಂದ್ರೆ ತಾನೆ ಆಮೇಲಿಂದು ಬರೋದು?" ಎಂದು ಅಜ್ಜಿ ಮತ್ತೆ ಮೊದಲಿನಿಂದ ಹಿಡಿದಳು. ಕೊನೆ ಮುಟ್ಟುವ ಮೊದಲೇ ದನಿ ನಿಂತಿತು. ನನಗೆ ಕುತೂಹಲ ತಡೆಯಲಾಗಲಿಲ್ಲ. ಹಾಡು ಅವಳ ತಲೆಯಲ್ಲಿ ಇಡಿಯಾಗಿ ಇದೆಯೋ, ಇಲ್ಲ ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಇದೆಯೋ? ಚಿಕ್ಕಮ್ಮನನ್ನು ಕೇಳಿದರೆ, "ನಂಗೊಂದು ಸಾಲು ಕೂಡ ಬರಲ್ಲ, ಸತ್ಯವಾಗ್ಲೂ" ಎಂದು ಕೈಯಲ್ಲಾಡಿಸಿದಳು.

ಅರಿಶಿನ ಕುಟ್ಟುವ ದಿನ ಒರಳಿನ ಸುತ್ತ ಹೆಂಗಸರೆಲ್ಲ ಸೇರಿದರು. ಹಾಡು ನಡುವೆ ಮುರಿದರೆ ಆ ಅರಿಶಿನ ಮದುವೆಗೆ ಸಲ್ಲದು ಎನ್ನುವುದು ನಮ್ಮ ಮನೆಯ ಪದ್ಧತಿ. ಮನೆಯ ಎಲ್ಲ ಮದುವೆಗಳಂತೆ ಈ ಸಲವೂ ಒನಕೆ ಚಿಕ್ಕಮ್ಮನ ಕೈಯಲ್ಲಿತ್ತು. ಅಜ್ಜಿ ಮೆಲ್ಲಗೆ ಶುರು ಮಾಡಿದಳು. ಅರ್ಧ ದಾಟಿದ ಮೇಲೆ ಅವಳ ಗಂಟಲು ಕಟ್ಟಿತು.

ಒನಕೆ ಮಾತ್ರ ನಿಲ್ಲಲಿಲ್ಲ. ಅದು ಕೆಳಗಿಳಿದ ಹೊತ್ತಿಗೆ ಸರಿಯಾಗಿ ಮುಂದಿನ ಸಾಲು ಚಿಕ್ಕಮ್ಮನ ಬಾಯಿಂದ ಬಂತು. ಅದರ ಹಿಂದೆ ಇನ್ನೊಂದು. ತನ್ನ ಬಾಯಿಗೆ ತಾನೇ ಬೆರಗಾಗಿ, ಕಣ್ಣರಳಿಸಿಕೊಂಡು, ಕೊನೆಯ ನುಡಿಯವರೆಗೂ ಕುಟ್ಟುತ್ತಾ ಹಾಡಿದಳು. ನಾನು ಅತ್ತೇಬಿಟ್ಟೆ.

"ಚಿಕ್ಕಮ್ಮಾ, ಆ ಕೊನೇದು ಇನ್ನೊಂದ್ಸಲ!" ಎಂದೆ. ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ. "ಅದೊಂದೇ ಬರಲ್ವೇ! ಇರು, ಮೊದ್ಲಿಂದ ಕುಟ್ತೀನಿ" ಎಂದು ನಕ್ಕಳು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆಗೆ ಒರಗಿದಳು.

"ಇನ್ನು ನಾನು ಸುಮ್ನಿರಬೋದು" ಎಂದಳು.